ಮುಖ ಉಜ್ಜುವ ಯಂತ್ರ ಮತ್ತು ಹೊರನಾಡ ಕನ್ನಡ ಸಂಸಾರ

ಮುಖದ ಚರ್ಮದ ಮೇಲ್ಪದರದಲ್ಲಿ ಸತ್ತು ಅಂಟಿಕೊಂಡಿರುವ ಜೀವಕೋಶಗಳನ್ನು ಗಡಸು ಹರಳುಗಳಿಂದ ನಯವಾಗಿ ಉಜ್ಜಿ, ಉಜ್ಜಿದ್ದನ್ನು ಒಡನೆಯೇ ಗಾಳಿಯ ಸೆಳೆತದಿಂದ ಹೀರಿ ತೆಗೆಯುವ ಕ್ರಮಕ್ಕೆ ಮೈಕ್ರೋಡರ್ಮಾಬ್ರೇಷನ್ ಎಂದು ಹೆಸರು. 1985ರಲ್ಲಿ ಇಟಲಿಯಲ್ಲಿ ರೂಪುಗೊಂಡ ಈ ವಿಧಾನವು ಮೊದಲು ಚರ್ಮವೈದ್ಯರ ಕೊಠಡಿಗಳಲ್ಲಿ, ಆಮೇಲೆ ಬ್ಯೂಟಿ ಪಾರ್ಲರುಗಳಲ್ಲಿ ನೆಲೆನಿಂತು, ಕೊನೆಗೆ ರಟ್ಟಿನ ಪೆಟ್ಟಿಗೆಯಲ್ಲಿ ಅಡಗಿ ನ್ಯೂಜೆರ್ಸಿಯ ಎಡಿಸನ್, ಟೆಕ್ಸಾಸಿನ ಫ್ರಿಸ್ಕೊ ಮುಂತಾದ ಊರುಗಳ ಕನ್ನಡ ಮನೆಗಳ ಬಾಗಿಲಿಗೆ ಬಂದಿಳಿದಿದೆ. ವೈದ್ಯರ ಹಳೆಯ ಯಂತ್ರವು ಅಲ್ಯೂಮಿನಿಯಂ ಆಕ್ಸೈಡಿನ ಹರಳುಗಳನ್ನು ಮುಖಕ್ಕೆ ಎರಚಿ ಹಿಂದಕ್ಕೆ ಹೀರಿಕೊಳ್ಳುತ್ತಿದ್ದರೆ, ಮನೆಬಳಕೆಯ ಅನೇಕ ಯಂತ್ರಗಳಲ್ಲಿ ಕೈಗಾರಿಕಾ ದರ್ಜೆಯ ವಜ್ರದ ಪುಡಿ ಅಂಟಿಸಿದ ಪುಟ್ಟ ತುದಿಯೊಂದಿರುತ್ತದೆ. ವಜ್ರದ ಮೂಗುಬೊಟ್ಟು ಕೊಡಿಸುವುದಾಗಿ ಮಾತು ಕೊಟ್ಟು ಮರೆತ ಗಂಡಂದಿರ ಮನೆಗೆ ಈ ಪೆಟ್ಟಿಗೆ ಬೇಗ ಬರುತ್ತದೆಂಬುದೂ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ ಎರಡು ವರ್ಷಕ್ಕೊಮ್ಮೆ ನಡೆಸುವ ವಿಶ್ವ ಕನ್ನಡ ಸಮ್ಮೇಳನ ಹತ್ತಿರವಾದಂತೆ ಅದರ ಅಗತ್ಯ ಹೆಚ್ಚು ತೀವ್ರವಾಗಿ ತೋರುತ್ತದೆಂಬುದೂ ಸಂಶೋಧಕರು ಗಮನಿಸತಕ್ಕ ಅಂಶಗಳು.

ಯಂತ್ರಕ್ಕೆ ಎದುರಾಗುವ ಮೊದಲ ವಿಮರ್ಶಕಿ ಎಂದರೆ ಆರು ತಿಂಗಳ ವಾಸಕ್ಕೆಂದು ಊರಿನಿಂದ ಬಂದಿರುವ ಅತ್ತೆ. ಕಡಲೆಹಿಟ್ಟು, ಹೆಸರುಹಿಟ್ಟು ಮತ್ತು ಬಚ್ಚಲಿನ ಮೈಯುಜ್ಜುವ ಕಲ್ಲು ಇವುಗಳ ಬಲದಿಂದಲೇ ಮೂರು ತಲೆಮಾರುಗಳ ಮುಖ ತೊಳೆದಿರುವ ಈಕೆಯ ವಾದವನ್ನು ಅಜ್ಞಾನವೆಂದು ತಳ್ಳಿಹಾಕುವುದು ಶಾಸ್ತ್ರಸಮ್ಮತವಲ್ಲ. ಏಕೆಂದರೆ ಯಂತ್ರವು ತೆಗೆಯುವ ಹೊರಪದರವು ಮುಖದಲ್ಲಿ ಒಂದು ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ಮಾತ್ರ ದಪ್ಪವಿದ್ದು, ಯೌವನದ ಚರ್ಮದಲ್ಲಿ ಕೆಲವು ವಾರಗಳಿಗೊಮ್ಮೆ, ವಯಸ್ಸಾದಂತೆ ಇನ್ನಷ್ಟು ನಿಧಾನವಾಗಿ, ಯಾರ ಸಹಾಯವೂ ಇಲ್ಲದೆ ಹೊಸದಾಗುತ್ತಿರುತ್ತದೆ. “ತಾನಾಗೇ ಉದುರೋದನ್ನ ದುಡ್ಡು ಕೊಟ್ಟು ಉದುರಿಸ್ತಾರೇನಮ್ಮ?” ಎಂಬ ಆಕೆಯ ಪ್ರಶ್ನೆಗೆ ಯಂತ್ರದ ಜೊತೆ ಬರುವ ಕೈಪಿಡಿಯಲ್ಲಿ ಉತ್ತರವಿಲ್ಲ.

ಆದರೆ ಅತ್ತೆಯನ್ನೂ ಸೋಲಿಸುವ ಭಾಗವೊಂದು ಯಂತ್ರದಲ್ಲಿದೆ. ಹೀರಿದ ಪುಡಿ ಮೋಟಾರಿನೊಳಗೆ ಹೋಗದಂತೆ ತಡೆಯಲು ಕೊಳವೆಯ ಬಾಯಲ್ಲಿ ಇರಿಸುವ, ಗುಂಡಿಯಷ್ಟು ಅಗಲದ ಬಿಳಿ ಫಿಲ್ಟರ್ ಬಿಲ್ಲೆಯೇ ಅದು. ಸೊಸೆ ಮುಖ ಉಜ್ಜಿಕೊಂಡು ಮುಗಿಸಿದ ಮೇಲೆ ಈ ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು ಊಟದ ಮೇಜಿಗೆ ತರಲಾಗುತ್ತದೆ; ಸಾಫ್ಟ್‌ವೇರ್ ಉದ್ಯೋಗಿಯಾದ ಗಂಡ ಕಳೆದ ವಾರದ ಬಿಲ್ಲೆಯನ್ನು ಹೋಲಿಕೆಗೆಂದು ಎತ್ತಿಡದೆ ಇದ್ದುದಕ್ಕೆ ಆಕ್ಷೇಪಿಸುತ್ತಾನೆ; ಅಮೆರಿಕದಲ್ಲೇ ಹುಟ್ಟಿ ಬೆಳೆದ ಮಗಳು ಅಸಹ್ಯಪಡುತ್ತಲೇ ಫೋಟೊ ತೆಗೆಯುತ್ತಾಳೆ; ಇದುವರೆಗೆ ಯಂತ್ರವನ್ನು ಖಂಡಿಸುತ್ತಿದ್ದ ಅತ್ತೆ ಕನ್ನಡಕ ಹಾಕಿಕೊಂಡು ಬಿಲ್ಲೆಯನ್ನು ಬೆಳಕಿಗೆ ಹಿಡಿದು, ಇಷ್ಟೆಲ್ಲ ಕೊಳೆ ಈ ದೇಶದ ಹೀಟರಿನಿಂದಲೇ ಬಂದದ್ದೆಂದು ತೀರ್ಪು ಕೊಡುತ್ತಾಳೆ. ದೀಪಾವಳಿಯ ಎಣ್ಣೆಸ್ನಾನ ಸರಿಯಾಯಿತೋ ಇಲ್ಲವೋ ಎಂಬುದನ್ನು ಬಚ್ಚಲಿನಿಂದ ಹರಿದ ನೀರಿನ ಬಣ್ಣ ನೋಡಿ ಹೇಳುತ್ತಿದ್ದ ಕುಲಕ್ಕೆ ಕಣ್ಣಿಗೆ ಕಾಣುವ ಪುರಾವೆ ಬೇಕು. ವಾಸ್ತವವಾಗಿ ಆ ಪುಡಿಯಲ್ಲಿ ಚರ್ಮದ ಜೊತೆಗೆ ಹಿಂದಿನ ದಿನದ ಪೌಡರು, ಟವೆಲಿನ ನೂಲು ಎಲ್ಲವೂ ಇರಬಹುದು, ಮತ್ತು ಬಿಲ್ಲೆ ಕೊಳೆಯಾದಷ್ಟೂ ಮುಖ ಬೆಳ್ಳಗಾಗುತ್ತದೆಂಬ ನಿಯಮವೂ ಇಲ್ಲ.

ಅಪಾಯ ಹುಟ್ಟುವುದು ಪುರಾವೆಯ ಈ ಹಂಬಲದಿಂದಲೇ. ವಾರಕ್ಕೊಮ್ಮೆ ಎಂದು ಕೈಪಿಡಿ ಹೇಳಿದ್ದನ್ನು ಕನಿಷ್ಠ ಮಿತಿಯೆಂದು ಓದಿಕೊಂಡು, ಪಾತ್ರೆ ತಿಕ್ಕುವ ನಿಷ್ಠೆಯಿಂದ ಮುಖ ತಿಕ್ಕುವ ಸಂಪ್ರದಾಯ ನಮ್ಮದು. ಚರ್ಮವು ಕೆರಳಿದಾಗ ಬಣ್ಣದ ವಸ್ತುವಾದ ಮೆಲನಿನ್ ಆ ಜಾಗದಲ್ಲಿ ಅತಿಯಾಗಿ ಉತ್ಪತ್ತಿಯಾಗಿ, ತಿಂಗಳುಗಟ್ಟಲೆ ಉಳಿಯುವ ಕಪ್ಪು ಕಲೆ ಮೂಡುವುದುಂಟು. ಕಂದು ಮೈಬಣ್ಣದವರಲ್ಲಿ ಇದು ಹೆಚ್ಚು. ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯರು 1975ರಲ್ಲಿ ರೂಪಿಸಿದ ಚರ್ಮದ ವರ್ಗೀಕರಣದಲ್ಲಿ ಮೊದಲು ಬಿಳಿಯರಿಗಷ್ಟೇ ಜಾಗವಿದ್ದು, ಕಂದು ಮತ್ತು ಕಪ್ಪು ಚರ್ಮಗಳು ಆಮೇಲೆ ಸೇರಿಕೊಂಡವು. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತವರಿಗೆ ಈ ತಡ ಅಪರಿಚಿತವೇನಲ್ಲ. ಆದ್ದರಿಂದ ಬೆಳ್ಳಗಾಗಲೆಂದು ತಂದ ಯಂತ್ರವು ಅತಿ ಶ್ರದ್ಧೆಯ ಫಲವಾಗಿ ಕಪ್ಪು ಮಾಡಬಲ್ಲದು. ಮೊಡವೆಯ ಮೇಲೆ ಓಡಿಸಬಾರದು, ಕಣ್ಣಿನ ಕೆಳಗೆ ಮುಟ್ಟಿಸಬಾರದು, ರೆಟಿನಾಲ್ ಹಚ್ಚುತ್ತಿದ್ದರೆ ಕೆಲವು ದಿನ ಮುಂಚೆಯೇ ನಿಲ್ಲಿಸಬೇಕು, ಆಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಇಲ್ಲದೆ ಬಿಸಿಲಿಗೆ ಹೋಗಬಾರದು ಎಂಬ ನಿಷೇಧಗಳನ್ನು, ಏಕಾದಶಿಯ ನಿಷೇಧಗಳನ್ನು ಬಲ್ಲ ಮನೆಯವರೂ ಪಾಲಿಸುವುದಿಲ್ಲ.

ಗಂಡನ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ. ಹಗಲೆಲ್ಲ ಯಂತ್ರವನ್ನು ಗೇಲಿ ಮಾಡುವ ಆತ, ಮನೆ ಮಲಗಿದ ಮೇಲೆ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅದನ್ನು ಹಣೆಗೆ ಹಿಡಿಯುತ್ತಾನೆ. ಒಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯಿಂದ ತುದಿಯನ್ನು ಎಲ್ಲೂ ನಿಲ್ಲಿಸದೆ ಸರಿಸುತ್ತಿರಬೇಕೆಂಬುದು ಕ್ರಮ. ಎಳೆದು ಹಿಡಿಯಬೇಕಾದ ಕೈಯಲ್ಲಿ ಮೊಬೈಲ್ ಇದ್ದರೆ ಯಂತ್ರ ನಿಂತಲ್ಲೇ ನಿಂತು, ಸೆಳೆತಕ್ಕೆ ಒಳಗಿನ ಸೂಕ್ಷ್ಮ ರಕ್ತನಾಳಗಳು ಒಡೆದು, ಬೆಳಗಾಗುವಷ್ಟರಲ್ಲಿ ನೇರಳೆ ಬಣ್ಣದ ದುಂಡು ಮಚ್ಚೆಯೊಂದು ಮೂಡಿರುತ್ತದೆ. ಅಂದೇ ಯಾರದೋ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇರುತ್ತದೆ. ಬಾಗಿಲ ಮೂಲೆ ತಗುಲಿತೆಂಬ ವಿವರಣೆಯನ್ನು ಬಂದವರೆಲ್ಲ ಒಪ್ಪಿದರೂ ಹೆತ್ತ ತಾಯಿ ಒಪ್ಪುವುದಿಲ್ಲ: “ಬಾಗಿಲ ಮೂಲೆ ಇಷ್ಟು ದುಂಡಗಿರುತ್ತೇನೋ?”

ಅತ್ತೆ ಊರಿಗೆ ಹೊರಡುವ ವಾರದಲ್ಲಿ, ಮೈಸೂರಿನಲ್ಲಿರುವ ಮಗಳಿಗೂ ಇಂಥದೊಂದು ಬೇಕೆಂಬ ಬೇಡಿಕೆ ಮಗನ ಮೂಲಕ ಸೊಸೆಗೆ ತಲುಪುತ್ತದೆ. ಅಮೆರಿಕದ 120 ವೋಲ್ಟಿಗಷ್ಟೇ ಹೊಂದುವ ಯಂತ್ರವನ್ನು ಭಾರತದ 230 ವೋಲ್ಟಿಗೆ ಸಿಕ್ಕಿಸಿದರೆ ಸುಟ್ಟುಹೋಗುವ ಸಂಭವವಿರುವುದರಿಂದ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರೂ ಜೊತೆಗೆ ಹೋಗಬೇಕು. ಅದರ ತೂಕವೋ ಯಂತ್ರಕ್ಕಿಂತ ಹೆಚ್ಚು. ಸೂಟ್‌ಕೇಸಿನ ಮಿತಿಯೋ 23 ಕಿಲೊ. ತೂಕದ ಯಂತ್ರದ ಮುಂದೆ ನಡೆಯುವ ದೀರ್ಘ ಚರ್ಚೆಯ ನಂತರ ಬಾದಾಮಿಯ ಪೊಟ್ಟಣಗಳು ಹೊರಗೆ ಬಂದು, ಟ್ರಾನ್ಸ್‌ಫಾರ್ಮರ್ ಒಳಗೆ ಹೋಗಿ, ಫಿಲ್ಟರ್ ಬಿಲ್ಲೆಗಳು ರೇಷ್ಮೆ ಸೀರೆಯ ಮಡಿಕೆಗಳ ನಡುವೆ ಸೇರುತ್ತವೆ. ಮುಖಕ್ಕೆಂದು ಊರಿನಿಂದ ತಂದಿದ್ದ ಕಡಲೆಹಿಟ್ಟಿನಲ್ಲಿ ಉಳಿದ ಅರ್ಧ ಡಬ್ಬಿಯನ್ನು ಅತ್ತೆ ಬಜ್ಜಿಗೆ ಆಗುತ್ತದೆಂದು ಸೊಸೆಯ ಕೈಗೆ ಒಪ್ಪಿಸುತ್ತಾಳೆ.