ನಾಯಿ ಅವಳದು, ಚಾಕರಿ ನನ್ನದು

"ಅಪ್ಪಾ, ಇದು ತಾನಾಗೇ ನನ್ನ ಹಿಂದೆ ಬಂತು" ಎಂದು ಮಗಳು ಬೀದಿನಾಯಿ ಮರಿಯೊಂದನ್ನು ಎತ್ತಿಕೊಂಡು ಬಂದಾಗ ಅದರ ಬಾಯಲ್ಲಿನ್ನೂ ಬಿಸ್ಕತ್ತಿನ ಚೂರಿತ್ತು. ಊಟ, ಸ್ನಾನ, ವಾಕಿಂಗ್ ಎಲ್ಲ ತನ್ನದೇ ಎಂದು ದೇವರ ಮುಂದೆ ಆಣೆಯಾಯಿತು. ಆಣೆ ಬಾಳಿದ್ದು ಮೂರು ದಿನ. ನಾಲ್ಕನೆಯ ಬೆಳಗ್ಗೆ ಐದೂವರೆಗೆ ಒಂದು ಕೈಲಿ ಚೈನು, ಇನ್ನೊಂದರಲ್ಲಿ ಹಳೇ ಪೇಪರು ಹಿಡಿದು ಬೀದಿಗಿಳಿದವನು ನಾನು.

ಬುದ್ಧಿ ಹೇಳೋಣವೆಂದು ಸಂವಿಧಾನದ 51ಎ(ಜಿ) ವಿಧಿ ತೆಗೆದೆ: ಜೀವಿಗಳಲ್ಲಿ ಅನುಕಂಪ ಪ್ರತಿ ನಾಗರಿಕನ ಮೂಲಭೂತ ಕರ್ತವ್ಯ. "ಹಾಗಾದ್ರೆ ನಿಂದೂ ಕರ್ತವ್ಯ ಅಲ್ವಾಪ್ಪಾ?" ಎಂದಳು. ಲಾ ಓದಿಸಬಹುದು.

ಆದರೆ ಮೂರು ತಿಂಗಳು ತುಂಬಿ ರೇಬೀಸ್ ಲಸಿಕೆಗೆ ಕರೆದೊಯ್ದಾಗ, ಸೂಜಿ ಕಂಡರೆ ಮಂಚದಡಿ ಸೇರುವ ಇವಳೇ ಮರಿಯ ಕಿವಿ ಸವರುತ್ತ, "ಇರುವೆ ಕಚ್ಚಿದ ಹಾಗೆ ಅಷ್ಟೇ ಪುಟ್ಟಾ" ಎಂದು ಸಮಾಧಾನ ಹೇಳಿದಳು. ಚಾಕೊಲೇಟ್ ನಾಯಿಗೆ ವಿಷವೆಂದು ಡಾಕ್ಟರು ಹೇಳಿದ ಮೇಲಂತೂ, ಅದರ ಜೀವ ಉಳಿಸಲು ಮನೆಯ ಚಾಕೊಲೇಟನ್ನೆಲ್ಲ ತಾನೇ ತಿಂದು ಮುಗಿಸುತ್ತಿದ್ದಾಳೆ. ಎಂಥ ತ್ಯಾಗ!

ನಿನ್ನೆ ಬೆಕ್ಕಿನಮರಿಯೊಂದು "ತಾನಾಗೇ" ಹಿಂದೆ ಬಂದಿದೆ. ಮೀಸೆಗೆ ನಮ್ಮನೆ ಹಾಲಿನ ಕೆನೆ ಅಂಟಿತ್ತು.