ಸಮಾರಂಭದ ದೊಡ್ಡಪ್ಪ ಮತ್ತು ಅಲುಗಾಡದ ಸ್ಟ್ಯಾಂಡು

ತುಮಕೂರು ನಗರದಲ್ಲೂ ಅದರ ಆಸುಪಾಸಿನ ಗುಬ್ಬಿ, ಕುಣಿಗಲ್ ಪಟ್ಟಣಗಳಲ್ಲೂ ಆರತಕ್ಷತೆ, ನಾಮಕರಣ, ಮೊದಲ ವರ್ಷದ ಹುಟ್ಟುಹಬ್ಬ ನಡೆಯುವ ಮನೆಗಳಲ್ಲೆಲ್ಲ ತಪ್ಪದೆ ಕಾಣಿಸಿಕೊಳ್ಳುವ, ಆದರೆ ಸಮಾಜಶಾಸ್ತ್ರದ ಗ್ರಂಥಗಳಲ್ಲಿ ಇನ್ನೂ ಪ್ರತ್ಯೇಕ ಅಧ್ಯಾಯವನ್ನು ದಕ್ಕಿಸಿಕೊಳ್ಳದ ಒಂದು ವರ್ಗವನ್ನು, ಇದಕ್ಕಿಂತ ಒಳ್ಳೆಯ ಹೆಸರು ಸಿಗುವವರೆಗೆ, 'ಸಮಾರಂಭದ ದೊಡ್ಡಪ್ಪ' ಎಂದು ಕರೆಯಬಹುದು. ಇವರು ರಕ್ತಸಂಬಂಧದಲ್ಲಿ ದೊಡ್ಡಪ್ಪನೇ ಆಗಿರಬೇಕೆಂಬ ನಿಯಮವಿಲ್ಲ; ಸೋದರಮಾವ, ಹಿರಿಯ ಭಾವ, ಬೀಗರ ಕಡೆಯ ಯಜಮಾನ, ಕೊನೆಗೆ ಪಕ್ಕದ ಮನೆಯವರೂ ಈ ಸ್ಥಾನವನ್ನು ಅಲಂಕರಿಸಿರುವುದುಂಟು. ಅರವತ್ತು ದಾಟಿದ ವಯಸ್ಸು, ಲೋಕೋಪಯೋಗಿಯೋ ನೀರಾವರಿಯೋ ವಿದ್ಯುತ್ತೋ ಯಾವುದಾದರೊಂದು ಇಲಾಖೆಯ ಪಿಂಚಣಿ, ಅಂಗಿಯ ಜೇಬಿನಲ್ಲಿ ಎರಡು ಪೆನ್ನಿನ ಪಕ್ಕದಲ್ಲಿ ಒಂದು ಅಳತೆ ಟೇಪು ಇವು ಅವರ ಬಾಹ್ಯಲಕ್ಷಣಗಳಾದರೆ, ಯಾವ ವಸ್ತುವನ್ನೇ ಆಗಲಿ ಕಣ್ಣಿನಿಂದ ನೋಡುವುದಕ್ಕೆ ಮೊದಲು ಕೈಯಿಂದ ಅಲ್ಲಾಡಿಸುವುದು ಅವರ ಮೂಲಲಕ್ಷಣ.

ಈ ವರ್ಗದ ಅಧಿಕಾರವ್ಯಾಪ್ತಿ ಹಿಂದೆ ಚಪ್ಪರದ ಗಳು, ಕೊಪ್ಪರಿಗೆ ಏರಿಸುವ ಒಲೆ, ಹಸೆಮಣೆಯ ಕಾಲು ಇವುಗಳಿಗೆ ಸೀಮಿತವಾಗಿತ್ತು. ಚಪ್ಪರವನ್ನು ಶಾಮಿಯಾನದವರೂ ಒಲೆಯನ್ನು ಅಡುಗೆ ಕಂಟ್ರಾಕ್ಟರೂ ಹಸೆಯನ್ನು ಕಲ್ಯಾಣಮಂಟಪದವರೂ ವಹಿಸಿಕೊಂಡು, ದೊಡ್ಡಪ್ಪನವರಿಗೆ ಅಲ್ಲಾಡಿಸಿ ನೋಡಲು ಏನೂ ಉಳಿಯದೆ ಹೋದ ಆ ಸಂಧಿಕಾಲದಲ್ಲೇ ಕೇಕು ವೇದಿಕೆ ಹತ್ತಿತು. ಹಾಸನ ಸೀಮೆಯಿಂದ ಬಂದ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದ ನಂತರ ಅಯ್ಯಂಗಾರ್ ಬೇಕರಿ ಎಂಬ ಫಲಕ ಸಣ್ಣಪುಟ್ಟ ಪೇಟೆಗಳಿಗೂ ಹಬ್ಬಿತಾದರೂ, ಬಹುಕಾಲ ಈ ಸೀಮೆಯವರ ಪಾಲಿಗೆ ಕೇಕೆಂದರೆ ಕಾಗದದ ಮೇಲೆ ಚಪ್ಪಟೆಯಾಗಿ ಕುಳಿತುಕೊಳ್ಳುವ, ಎಲ್ಲಿಂದಲೂ ಬೀಳುವ ಸಂಭವವೇ ಇಲ್ಲದ, ಕೊಬ್ಬರಿ ಪುಡಿ ಉದುರಿಸಿದ ಹನಿ ಕೇಕಾಗಿತ್ತು. ದೊಡ್ಡಪ್ಪನವರ ಗಮನಕ್ಕೆ ಅದು ಅರ್ಹವಾಗಿರಲಿಲ್ಲ. ಗಮನಕ್ಕೆ ಅರ್ಹವಾದದ್ದು ಸ್ಟೆಪ್ ಕೇಕು, ಅಂದರೆ ಹತ್ತು, ಎಂಟು, ಆರು ಇಂಚು ಅಗಲದ ಕೇಕುಗಳನ್ನು ದೊಡ್ಡದು ಕೆಳಗೆ ಚಿಕ್ಕದು ಮೇಲೆ ಬರುವಂತೆ ಅಂತಸ್ತು ಅಂತಸ್ತಾಗಿ ಏರಿಸಿದ ರಚನೆ. ಎತ್ತರವಿರುವುದೆಲ್ಲ ಒಂದಲ್ಲ ಒಂದು ದಿನ ವಾಲುತ್ತದೆ ಎಂಬುದು ಅವರ ಸೇವಾವಧಿಯ ಅನುಭವ. ವಾಲುವುದೆಲ್ಲಕ್ಕೂ ತಮ್ಮ ಸಲಹೆ ಬೇಕಾಗುತ್ತದೆ ಎಂಬುದು ನಿವೃತ್ತಿಯ ನಂತರದ ಅನುಭವ. ಬೆಂಗಳೂರಿನಲ್ಲಿ 1975ರಲ್ಲಿ ಆರಂಭವಾದ ವಾರ್ಷಿಕ ಕೇಕ್ ಪ್ರದರ್ಶನಕ್ಕೆ ಹೋದ ದೊಡ್ಡಪ್ಪಂದಿರು ಸಕ್ಕರೆಯ ಅರಮನೆಗಳ ಮುಂದೆ ಫೋಟೊ ತೆಗೆಸಿಕೊಳ್ಳುವುದನ್ನು ಬಿಟ್ಟು, ಒಳಗೆ ಹಾಕಿದ ಕಂಬಿ ಎಷ್ಟು ಎಂ.ಎಂ. ಎಂದು ವಿಚಾರಿಸುವುದೂ ಇದೇ ಕಾರಣಕ್ಕೆ.

ಬೇಕರಿಯವರು ಕೇಕಿನ ಜೊತೆಗೆ ಸ್ಟ್ಯಾಂಡನ್ನೂ ಠೇವಣಿ ಇಟ್ಟುಕೊಂಡು ಕೊಡುತ್ತಾರೆ ಎಂಬುದು ದೊಡ್ಡಪ್ಪನವರಿಗೆ ತಿಳಿಯದ ಸಂಗತಿಯಲ್ಲ. ಬಾಡಿಗೆಯ ವಸ್ತು ಬಾಡಿಗೆಯಷ್ಟೇ ಗಟ್ಟಿಯಾಗಿರುತ್ತದೆ ಎಂಬ ನಂಬಿಕೆಯಿಂದ ಅವರು ಸ್ವಂತಕ್ಕೊಂದು ಕೊಳ್ಳಲು ಹೊರಡುತ್ತಾರೆ. ಹೋಗುವುದಾದರೂ ಕೇಕಿನ ಸಾಮಾನು ಮಾರುವ ಅಂಗಡಿಗಲ್ಲ. ಅಲ್ಲಿರುವ ಅಕ್ರಿಲಿಕ್ಕಿನ, ಅಂದರೆ ಗಾಜಿನಂತೆ ಹೊಳೆಯುವ ಪ್ಲಾಸ್ಟಿಕ್ಕಿನ ಸ್ಟ್ಯಾಂಡುಗಳನ್ನೂ, ಮರದ ಹುಡಿಯನ್ನು ಒತ್ತಿ ಮಾಡಿದ ಹಲಗೆಗೆ ಬಣ್ಣ ಬಳಿದ ಸ್ಟ್ಯಾಂಡುಗಳನ್ನೂ ಅವರು ಸ್ಟ್ಯಾಂಡುಗಳೆಂದೇ ಒಪ್ಪುವುದಿಲ್ಲ. ಅವರ ಸವಾರಿ ತುಮಕೂರಿನ ಮಂಡಿಪೇಟೆಯ ಸುತ್ತಿನ ಪಾತ್ರೆ ಅಂಗಡಿಗಳತ್ತ ಸಾಗುತ್ತದೆ. ಕೊಡ, ಹಂಡೆ, ಪರಾತಗಳನ್ನು ತೂಕದ ಮೇಲೆ ಕೊಂಡು ಬೆಳೆದ ತಲೆಮಾರಿನವರಾದ್ದರಿಂದ, ಮೂರು ತಟ್ಟೆಯ ಸ್ಟೀಲು ಸ್ಟ್ಯಾಂಡನ್ನು ಕಂಡೊಡನೆ ಅವರ ಮೊದಲ ಪ್ರಶ್ನೆ ಬೆಲೆಯನ್ನು ಕುರಿತದ್ದಾಗಿರದೆ, "ತಕ್ಕಡಿಗೆ ಹಾಕಪ್ಪ ನೋಡೋಣ" ಎಂಬ ಆಜ್ಞೆಯ ರೂಪದಲ್ಲಿರುತ್ತದೆ. ತೂಗಿಯಾದ ಮೇಲೆ ಅಲ್ಲಾಡಿಸುವ ಘಟ್ಟ. "ಅಲ್ಲಾಡ್ತದಲ್ಲಪ್ಪ ಇದು!" ಎಂದು ಇವರೂ, "ಕೇಕ್ ಇಟ್ಮೇಲೆ ಅಲ್ಲಾಡಲ್ಲ ಯಜಮಾನ್ರೇ" ಎಂದು ಅಂಗಡಿಯವನೂ ಎರಡು ಮೂರು ಸುತ್ತು ವಾದಿಸಿದ ಬಳಿಕ, ದೊಡ್ಡಪ್ಪನವರು ಅಂಗಡಿಯದೇ ಐದು ಕೆ.ಜಿ. ತೂಕದ ಕಲ್ಲನ್ನು ಎತ್ತಿ ಮೇಲಿನ ತಟ್ಟೆಯ ಅಂಚಿನಲ್ಲಿ ಇಡುತ್ತಾರೆ. ಆರು ಇಂಚಿನ ಕೇಕು ಒಂದು ಕೆ.ಜಿ. ಮುಟ್ಟುವುದೇ ಕಷ್ಟವೆಂದೂ, ಅದನ್ನು ಯಾರೂ ಅಂಚಿನಲ್ಲಿ ಇಡುವುದಿಲ್ಲವೆಂದೂ ಅಂಗಡಿಯವನು ಹೇಳಬಹುದು. ಇಲಾಖೆಯಲ್ಲಿ ಸೇತುವೆಗಳನ್ನು ಹೇಗೆ ಪರೀಕ್ಷಿಸುತ್ತಿದ್ದರೆಂಬುದನ್ನು ಆಮೇಲೆ ಅವನು ಪೂರ್ತಿಯಾಗಿ ಕೇಳಬೇಕಾಗುತ್ತದೆ. ಕೊನೆಗೆ ಉದಾಹರಣೆಯಾಗಿ ಬರುವುದು ತಟ್ಟೆ ಇಡ್ಲಿಗೆ ಹೆಸರಾದ ಕ್ಯಾತ್ಸಂದ್ರ. ನಡುವೆ ಒಂದೇ ಕಂಬಿ ನಿಲ್ಲಿಸಿ, ಅದರ ಸುತ್ತ ಅಂತಸ್ತು ಅಂತಸ್ತಾಗಿ ತಟ್ಟೆಗಳನ್ನು ಏರಿಸಿ, ದಿನಬೆಳಗಾದರೆ ಹಬೆಯಲ್ಲಿ ಬೆಂದರೂ ಓರೆಯಾಗದ ತಟ್ಟೆ ಇಡ್ಲಿಯ ಸ್ಟ್ಯಾಂಡಿನಂತೆ ಕೇಕಿನದೂ ಇರಬೇಕೆಂಬುದು ಅವರ ವಾದ. ಇಡ್ಲಿ ಸ್ಟ್ಯಾಂಡು ಹಂಡೆಯೊಳಗೆ ಸುರಕ್ಷಿತವಾಗಿ ಕುಳಿತಿರುತ್ತದೆ, ಅದರ ಪಕ್ಕದಲ್ಲಿ ನಿಂತು ಯಾರೂ ಫೋಟೊ ತೆಗೆಸಿಕೊಳ್ಳುವುದಿಲ್ಲ ಎಂಬ ಆಕ್ಷೇಪವನ್ನು ಅಂಗಡಿಯವನು ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾನೆ.

ನ್ಯಾಯವಾಗಿ ಹೇಳಬೇಕೆಂದರೆ, ದೊಡ್ಡಪ್ಪನವರ ಶಾಸ್ತ್ರ ಅರ್ಧಕ್ಕಿಂತ ಹೆಚ್ಚು ಸರಿಯಾಗಿಯೇ ಇದೆ. ತಳ ಅಗಲವಾಗಿದ್ದು ಭಾರವೆಲ್ಲ ಕೆಳಗೆ ಕೂತಷ್ಟೂ ಸ್ಟ್ಯಾಂಡು ಮಗುಚುವುದು ಕಷ್ಟ; ಕೇಕಿನಡಿಯ ರಟ್ಟು ಕೇಕಿಗಿಂತ ಎರಡು ಇಂಚಾದರೂ ಅಗಲವಿರುವುದರಿಂದ ತಟ್ಟೆಯನ್ನು ಕೇಕಿನ ಅಳತೆಗೆ ಕೊಳ್ಳದೆ ರಟ್ಟಿನ ಅಳತೆಗೆ ಕೊಳ್ಳಬೇಕು; ನಡುಗಂಬಿಗೆ ತಿರುಪು ಹಾಕಿ ಬಿಗಿದ ಸ್ಟ್ಯಾಂಡಿನಲ್ಲಿ ತಟ್ಟೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತಿದ್ದರೆ ತಿರುಪು ತಾನಾಗಿಯೇ ಸಡಿಲವಾಗುತ್ತದೆ. ಭಿನ್ನಾಭಿಪ್ರಾಯ ಹುಟ್ಟುವುದು ಕಾಲುಗಳ ಸಂಖ್ಯೆಯ ವಿಷಯದಲ್ಲಿ. ಮೂರು ಕಾಲಿನದು ಎಂಥ ಓರೆಕೋರೆ ನೆಲದ ಮೇಲೂ ಮೂರನ್ನೂ ಊರಿ ನಿಲ್ಲುತ್ತದೆಂಬ ಕಾರಣಕ್ಕೆ ತುಮಕೂರಿನ ದೊಡ್ಡಪ್ಪ ಅದರ ಪಕ್ಷ ವಹಿಸಿದರೆ, ಕುದುರೆ ಫಾರಮ್ಮಿನಿಂದಲೇ ಹೆಸರಾದ ಕುಣಿಗಲ್ಲಿನ ದೊಡ್ಡಪ್ಪ ನಾಲ್ಕಕ್ಕಿಂತ ಕಡಿಮೆ ಕಾಲಿನ ಯಾವುದನ್ನೂ ನಂಬಲು ಸಿದ್ಧರಿರುವುದಿಲ್ಲ. ಇಬ್ಬರ ಮಾತಿನಲ್ಲೂ ಹುರುಳಿದೆ, ಏಕೆಂದರೆ ನಾಲ್ಕು ಕಾಲಿನದು ಏರುಪೇರಾದ ನೆಲದಲ್ಲಿ ಕುಂಟುತ್ತದೆ, ಮೂರು ಕಾಲಿನದು ಎರಡು ಕಾಲುಗಳ ನಡುವಿನ ಬದಿಗೆ ಭಾರ ಬಿದ್ದರೆ ಬೇಗ ಮಗುಚುತ್ತದೆ. ಬೀಗರಿಬ್ಬರೂ ಈ ಚರ್ಚೆಗೆ ತೊಡಗಿದರೆ ನಿಶ್ಚಿತಾರ್ಥದ ಊಟ ಒಂದು ಪಂಕ್ತಿಯಷ್ಟಾದರೂ ತಡವಾಗುತ್ತದೆ.

ಗುಬ್ಬಿಯ ದೊಡ್ಡಪ್ಪನವರು ಇದರಲ್ಲಿ ತಲೆಹಾಕುವುದಿಲ್ಲ. ಅವರ ಹಟ ಬೇರೆಯದು. ಆರತಕ್ಷತೆಗಳಲ್ಲಿ ಎತ್ತರ ಕಾಣಲೆಂದು ಕೆಳಗಿನ ಅಂತಸ್ತುಗಳಿಗೆ ಡಮ್ಮಿ ಇಡುವುದು, ಎಂದರೆ ಥರ್ಮಕೋಲಿನ ದುಂಡನೆಯ ತುಂಡಿಗೆ ಕ್ರೀಮು ಬಳಿದು ಕೇಕೆಂದು ನಿಲ್ಲಿಸಿ ಮೇಲಿನದೊಂದನ್ನು ಮಾತ್ರ ನಿಜವಾಗಿ ಕತ್ತರಿಸುವುದು, ಈಗ ಬೇಕರಿಗಳ ಸಾಮಾನ್ಯ ಪದ್ಧತಿ. ಇದಕ್ಕೆ ರಾಜವಂಶದ ಮೇಲ್ಪಂಕ್ತಿಯೂ ಇದೆ: 1858ರಲ್ಲಿ ಲಂಡನ್ನಿನಲ್ಲಿ ನಡೆದ ವಿಕ್ಟೋರಿಯಾ ರಾಣಿಯ ಹಿರಿಯ ಮಗಳ ಮದುವೆಯ ಕೇಕಿನಲ್ಲಿ ಬುಡದ ಅಂತಸ್ತು ಮಾತ್ರ ಕೇಕಾಗಿದ್ದು, ಮೇಲಿನದೆಲ್ಲ ಬರಿಯ ಸಕ್ಕರೆಯ ಕಟ್ಟಡವಾಗಿತ್ತು. ಲಂಡನ್ನಿನವರು ತಲೆಯನ್ನು ಸುಳ್ಳು ಮಾಡಿದರು, ತುಮಕೂರಿನವರು ಬುಡವನ್ನು. ಗುಬ್ಬಿಯವರಿಗೆ ಎರಡೂ ಸಮ್ಮತವಲ್ಲ. 1884ರಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿಯನ್ನು ಕಟ್ಟಿದ, ಗುಬ್ಬಿ ವೀರಣ್ಣನವರ ಕಾಲಕ್ಕೆ 'ಕುರುಕ್ಷೇತ್ರ'ದ ರಂಗದ ಮೇಲೆ ಜೀವಂತ ಆನೆ ಕುದುರೆಗಳನ್ನೇ ನಡೆಸಿದ ಊರು ತಮ್ಮದೆಂಬ ಅಭಿಮಾನದಿಂದ, "ಆನೇನೇ ನಿಜದ್ದು ತಂದೋರು ನಾವು, ಕೇಕು ಥರ್ಮಕೋಲಿಂದು ಇಡಾಕಾಯ್ತದೇನಯ್ಯ?" ಎಂದು ಅವರು ಬೇಕರಿಯವನನ್ನು ಕೇಳುತ್ತಾರೆ. ಪರಿಣಾಮವಾಗಿ ಒಂದೂವರೆ ಕೆ.ಜಿ.ಯಲ್ಲಿ ಮುಗಿಯಬೇಕಾದ ಕೇಕು ಐದಾರು ಕೆ.ಜಿ.ಗೆ ಏರುತ್ತದೆ, ನೂರು ಜನ ತಿಂದು ಉಳಿದದ್ದನ್ನು ನಾಲ್ಕು ಮನೆಯ ಫ್ರಿಜ್ಜುಗಳು ಹಂಚಿಕೊಳ್ಳುತ್ತವೆ, ಮತ್ತು ಗಟ್ಟಿ ಸ್ಟ್ಯಾಂಡು ಎಂಬ ಪ್ರಶ್ನೆಗೆ ಅಲ್ಲಿಯವರೆಗೆ ಇರದಿದ್ದ ಅರ್ಥ ಬರುತ್ತದೆ.

ಸಾಗಾಟದ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿಲೋಮೀಟರು, ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ 35ಕ್ಕೂ ಹೆಚ್ಚು. ತಿಳಿದ ಬೇಕರಿಯವರು ಅಂತಸ್ತುಗಳನ್ನು ಬೇರೆ ಬೇರೆ ಡಬ್ಬದಲ್ಲಿ ಒಯ್ದು ಮಂಟಪದಲ್ಲೇ ಜೋಡಿಸುತ್ತಾರೆ. ದೊಡ್ಡಪ್ಪನವರು ಮುಂದಿನ ಸೀಟಿನಲ್ಲಿ ಕುಳಿತು ಪ್ರತಿ ಹಂಪಿಗೂ "ನಿಧಾನ, ನಿಧಾನ" ಎನ್ನುತ್ತಿರುತ್ತಾರೆ. ತೊಡೆಯ ಮೇಲಿರುವುದು ಹಳೆಯ ಕಂಬಳಿಯಲ್ಲಿ ಸುತ್ತಿದ ಸ್ಟ್ಯಾಂಡು. ಕೇಕು ಹಿಂದೆ ಡಿಕ್ಕಿಯಲ್ಲಿರುತ್ತದೆ.

ಅವರ ಶಾಸ್ತ್ರಕ್ಕೆ ನಿಜವಾದ ಪರೀಕ್ಷೆ ಎದುರಾಗುವುದು ಮಂಟಪದ ವೇದಿಕೆಯಲ್ಲಿ. ಅಲ್ಲಿ ಅವರು ರಸಮಟ್ಟವನ್ನು, ಅಂದರೆ ಗಾರೆ ಕೆಲಸದವರು ಮಟ್ಟಸ ನೋಡಲು ಬಳಸುವ, ಗಾಜಿನ ಕೊಳವೆಯಲ್ಲಿ ಗುಳ್ಳೆ ಓಡಾಡುವ ಪಟ್ಟಿಯನ್ನು ಹೊರತೆಗೆದು ಮೂರೂ ತಟ್ಟೆಗಳ ಮೇಲೆ ಇಟ್ಟು ನೋಡುತ್ತಾರೆ, ಗುಳ್ಳೆ ನಟ್ಟನಡುವೆ ನಿಂತುದನ್ನು ಕಂಡು ಸುತ್ತಲಿನವರತ್ತ ತಿರುಗುತ್ತಾರೆ. ಅವರು ನೋಡದೆ ಬಿಟ್ಟದ್ದು ಸ್ಟ್ಯಾಂಡಿನ ಕೆಳಗಿನ ಮೇಜನ್ನು. ಅದು ಶಾಮಿಯಾನದವರ ಮಡಿಸುವ ಮೇಜು. ನೆರಿಗೆ ಬಟ್ಟೆ ಹೊದಿಸಿರುವುದರಿಂದ ಅದರ ಒಂದು ಕಾಲಿನ ಕೊಂಡಿ ಕೂತಿದೆಯೋ ಇಲ್ಲವೋ ಹೊರಗೆ ಕಾಣುವುದಿಲ್ಲ, ಆ ಬಟ್ಟೆಯೊಳಗೆ ಅಷ್ಟು ಹೊತ್ತಿಗೆ ಇಬ್ಬರು ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಿರುತ್ತಾರೆ. ಇನ್ನು ಕೇಕನ್ನು ಒಂದರ ಮೇಲೊಂದು ನೇರವಾಗಿ ಏರಿಸಿದ್ದರೆ ಗಟ್ಟಿತನದ ಪ್ರಶ್ನೆ ಸ್ಟ್ಯಾಂಡಿನಿಂದ ಕೇಕಿನ ಒಳಕ್ಕೇ ಸರಿಯುತ್ತದೆ: ಕೆಳಗಿನ ಕೇಕಿನೊಳಗೆ ಅದರ ಎತ್ತರಕ್ಕೆ ಸರಿಯಾಗಿ ಕತ್ತರಿಸಿದ ನಾಲ್ಕೈದು ಕಡ್ಡಿಗಳನ್ನು ಊರಿ, ಅವುಗಳ ಮೇಲೆ ತೆಳು ರಟ್ಟು ಇಟ್ಟು, ಮೇಲಿನ ಕೇಕಿನ ಭಾರವನ್ನು ಆ ಕಡ್ಡಿಗಳಿಗೆ ಹೊರಿಸದಿದ್ದರೆ, ಏಪ್ರಿಲ್ ತಿಂಗಳ ಸೆಕೆಯಲ್ಲಿ ಕ್ರೀಮು ಸಡಿಲಾಗಿ ಮೇಲಿನದು ಕೆಳಗಿನದರೊಳಕ್ಕೆ ಇಳಿಯುತ್ತದೆ. ಉಕ್ಕಿನ ಸ್ಟ್ಯಾಂಡು ಅದನ್ನು ತಡೆಯಲಾರದು. ಬೇಕರಿಯ ಹುಡುಗ ಇದನ್ನು ವಿವರಿಸಲು ಹೊರಟರೆ, "ನಿಂಗೆಷ್ಟು ವಯಸ್ಸಪ್ಪ?" ಎಂಬ ಪ್ರಶ್ನೆಯಿಂದ ಆ ವಿಷಯ ಮುಕ್ತಾಯವಾಗುತ್ತದೆ.

ಎಂಜಿನಿಯರಿಂಗಿನಲ್ಲಿ ಭಾರವನ್ನು ಎರಡಾಗಿ ವಿಂಗಡಿಸುತ್ತಾರೆ: ಕಟ್ಟಡದ ಸ್ವಂತ ತೂಕವಾದ ಸ್ಥಿರಭಾರ, ಅದರ ಮೇಲೆ ಬಂದು ಹೋಗುವ ಜನ, ವಾಹನಗಳ ಚಲಭಾರ. ಸ್ಥಿರಭಾರದ ಲೆಕ್ಕದಲ್ಲಿ ದೊಡ್ಡಪ್ಪನವರನ್ನು ಮೀರಿಸಿದವರಿಲ್ಲ. ಅವರ ಲೆಕ್ಕ ತಪ್ಪುವುದು ಕತ್ತರಿಸುವ ಗಳಿಗೆಯಲ್ಲಿ. ರಿಬ್ಬನ್ ಕಟ್ಟಿದ ಚಾಕುವನ್ನು ವರನು ಹಿಡಿಯುತ್ತಾನೆ, ಅವನ ಕೈ ಮೇಲೆ ವಧು ಕೈಯಿಡುತ್ತಾಳೆ. ಇಲ್ಲಿಗೆ ನಿಂತಿದ್ದರೆ ತೊಂದರೆಯಿರಲಿಲ್ಲ. ಫೋಟೊದವನು "ಅಪ್ಪ ಅಮ್ಮ ಬನ್ನಿ" ಎಂದಾಗ ಎರಡು ಜೊತೆ ಕೈ ಸೇರುತ್ತವೆ, ಸೋದರಮಾವನನ್ನು ಬಿಡುವಂತಿಲ್ಲ, ಅತ್ತಿಗೆ ಮುನಿಸಿಕೊಂಡಾರು, ಕೊನೆಗೆ ಏಳೆಂಟು ಕೈಗಳ ಬಲವೂ ಒಂದು ಚಾಕುವಿನ ಮೂಲಕ ನಡುವಿನ ಅಂತಸ್ತಿನ ಮೇಲೆ ಬೀಳುವುದು ಮಾತ್ರವಲ್ಲ, "ಈ ಕಡೆ ನೋಡಿ" ಎಂಬ ಕೂಗಿಗೆ ಎಲ್ಲರೂ ಒಟ್ಟಿಗೆ ವಾಲುವುದರಿಂದ ಅಡ್ಡಡ್ಡಲಾಗಿಯೂ ಬೀಳುತ್ತದೆ. ಕೇಕಿನ ಎರಡೂ ಬದಿಗೆ ಸಿಡಿಮದ್ದಿನ ಕಾರಂಜಿ ಹೊತ್ತಿದ ಆ ಕ್ಷಣದಲ್ಲಿ ಹೆಚ್ಚಿನ ಕೇಕುಗಳು ಬೀಳದೆ ಉಳಿಯುವುದಕ್ಕೆ ಕಾರಣ ಹುಡುಕಿದರೆ, ಮೇಜಿನ ಹಿಂದೆ ಬಗ್ಗಿ, ಎರಡೂ ಕೈಗಳಿಂದ ಸ್ಟ್ಯಾಂಡಿನ ಬುಡವನ್ನು ಹಿಡಿದು, ಆಲ್ಬಮ್ಮಿನ ಎಲ್ಲ ಚಿತ್ರಗಳಲ್ಲೂ ನೆತ್ತಿ ಮಾತ್ರ ಕಾಣಿಸುವ ದೊಡ್ಡಪ್ಪನವರೇ ಸಿಗುತ್ತಾರೆ. ತಾವು ಆರಿಸಿದ ಸ್ಟ್ಯಾಂಡು ಗಟ್ಟಿಯಾಗಿದ್ದುದರಿಂದಲೇ ಕೇಕು ನಿಂತಿತೆಂದು ಊಟದ ಹೊತ್ತಿಗೆ ಅವರು ಹೇಳುತ್ತಿರುತ್ತಾರೆ.

ಕೇಕಿನ ಆಯುಷ್ಯ ಹತ್ತು ನಿಮಿಷವಾದರೆ ಸ್ಟ್ಯಾಂಡಿನದು ತಲೆಮಾರುಗಳದು. ತೊಳೆದು, ಒರೆಸಿ, ತಿರುಪುಗಳಿಗೆ ಎಣ್ಣೆ ಬಿಟ್ಟು, ಬುಡಕ್ಕೆ ಹೆಸರು ಕೆತ್ತಿಸಿ ಅಟ್ಟ ಸೇರಿದ ಅದು ವರಮಹಾಲಕ್ಷ್ಮಿಯ ದಿನ ಇಳಿದು ಬಂದು ಮೂರು ತಟ್ಟೆಗಳಲ್ಲಿ ಹಣ್ಣು, ತಿಂಡಿ, ಬಳೆಗಳನ್ನು ಹೊತ್ತು ನಿಲ್ಲುತ್ತದೆ, ದಸರೆಯಲ್ಲಿ ಬೊಂಬೆಗಳಿಗೆ ಮೆಟ್ಟಿಲಾಗುತ್ತದೆ, ಮಿಕ್ಕ ದಿನಗಳಲ್ಲಿ ಒಂದು ನೋಟ್ ಬುಕ್ಕಿನಲ್ಲಿ ಸಹಿ ಮಾಡಿಸಿಕೊಂಡು ಗುಬ್ಬಿಗೂ ಕುಣಿಗಲ್ಲಿಗೂ ಕೈಬದಲಾಗುತ್ತದೆ. ಕೇಕು ಕಂಡದ್ದಕ್ಕಿಂತ ಕಳಶವನ್ನೇ ಅದು ಹೆಚ್ಚು ಕಂಡಿರುತ್ತದೆ. ನೆಂಟರಿಷ್ಟರಲ್ಲಿ ಯಾರಿಗಾದರೂ ಶ್ರಾವಣ ಮಾಸದಲ್ಲಿ ಸ್ಟ್ಯಾಂಡು ಬೇಕಿದ್ದರೆ ಆಷಾಢದಲ್ಲೇ ದೊಡ್ಡಪ್ಪನವರಿಗೆ ಒಂದು ಮಾತು ಹೇಳಿಟ್ಟಿರುವುದು ಕ್ಷೇಮ. ಆಮೇಲೆ ಕೇಳಿದವರಿಗೆ ಅದು ಸಿಗುವುದಿಲ್ಲ.