ಮುಯ್ಯಿ ಲೆಕ್ಕವಿಲ್ಲದ ಅಂಚೆ

ಮೇಷ್ಟ್ರೇ, "ಮುಖ ಕಾಣದವರಿಗೆ ಅಷ್ಟು ದೂರ ಕಾರ್ಡು ಬರೆದು ಏನು ಬಂತಮ್ಮಾ?" ಅಂತ ಕೇಳಿದ್ರಲ್ಲ, ನ್ಯಾಯವಾದ ಪ್ರಶ್ನೆ. ಕೊತ್ತಂಬರಿ ಸೊಪ್ಪು ಬಿಡಿಸುತ್ತಲೇ ಹೇಳ್ತೀನಿ, ಬೇಲಿ ಹತ್ತಿರಾನೇ ನಿಂತು ಕೇಳಿ.

ಪೋಸ್ಟ್‌ಕ್ರಾಸಿಂಗ್ ಅಂತ ಒಂದು ಏರ್ಪಾಡಿದೆ. ಪೋರ್ಚುಗಲ್ಲಿನ ಪಾವ್ಲೊ ಮಗಲ್ಯಾಯಿಸ್ ಅನ್ನುವವರು ವಿದ್ಯಾರ್ಥಿಯಾಗಿದ್ದಾಗ, 2005ರ ಜುಲೈನಲ್ಲಿ ಶುರು ಮಾಡಿದ್ದು. ಹೆಸರು ನೋಂದಾಯಿಸಿ ವಿಳಾಸ ಬೇಕು ಅಂದರೆ ಸಾಕು, ಯಾವುದೋ ದೇಶದ ಯಾರದೋ ವಿಳಾಸ ಬರುತ್ತೆ, ಜೊತೆಗೊಂದು ಗುರುತಿನ ಸಂಖ್ಯೆ. ಆ ಸಂಖ್ಯೆಯನ್ನ ಕಾರ್ಡಿನ ಮೇಲೆ ಬರೆದು ಅಂಚೆಗೆ ಹಾಕಬೇಕು. ತಲುಪಿದವರು ಅದನ್ನ ದಾಖಲಿಸಿದ ಮೇಲೆ ನಮ್ಮ ವಿಳಾಸ ಇನ್ನೊಬ್ಬರ ಪಾಲಿಗೆ ಹೋಗುತ್ತೆ. ನಾನು ಬರೆದದ್ದು ಫಿನ್ಲೆಂಡಿಗಾದರೆ, ನನಗೆ ಬರುವುದು ತೈವಾನಿನಿಂದಲೋ ಜರ್ಮನಿಯಿಂದಲೋ ಇರಬಹುದು.

ನನಗೆ ಮನಸ್ಸು ತುಂಬುವುದು ಇಲ್ಲೇ. ಮದುವೆಮನೆಯಲ್ಲಿ ಮುಯ್ಯಿ ಮಾಡಿದವರ ಹೆಸರನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಅವರ ಮನೆಯ ಕಾರ್ಯಕ್ಕೆ ಅಷ್ಟೋ ಒಂದಿಷ್ಟು ಹೆಚ್ಚೋ ಸೇರಿಸಿ ತೀರಿಸ್ತೀವಿ. ನೆಂಟಸ್ತಿಕೆ ನಡೆಯುವುದೇ ಹಾಗೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಈ ಅಂಚೆಯಲ್ಲಿ ತೀರಿಸುವ ಮಾತೇ ಇಲ್ಲ. ಯಾರಿಗೆ ಕೊಟ್ಟೆನೋ ಅವರಿಂದ ಬರೋದಿಲ್ಲ, ಯಾರಿಂದ ಬಂತೋ ಅವರಿಗೆ ನಾನು ಏನೂ ಕೊಟ್ಟಿರೋದಿಲ್ಲ. ಆದರೂ ಒಬ್ಬರು ಅರ್ಧ ಗಂಟೆ ಕೂತು, ನನ್ನ ಹೆಸರಿನ ಸ್ಪೆಲ್ಲಿಂಗನ್ನ ಜೋಪಾನವಾಗಿ ನಕಲು ಮಾಡಿ, ನನಗೋಸ್ಕರ ಅಂಚೆಚೀಟಿ ಆರಿಸಿ ಹಚ್ಚಿರ್ತಾರೆ.

ಇದನ್ನ ನೋಡಿ, ಫಿನ್ಲೆಂಡಿನಿಂದ ಬಂದದ್ದು. ಅಂಚೆಚೀಟಿಯ ಮೇಲೆ ಈ ದುಂಡು ಮೂತಿಯ ಪ್ರಾಣಿ ಇದೆಯಲ್ಲ, ಮೂಮಿನ್ ಅಂತ. ಅಲ್ಲಿನ ಲೇಖಕಿ ತೋವೆ ಯಾನ್ಸನ್ ಬರೆದು ಚಿತ್ರಿಸಿದ ಮಕ್ಕಳ ಕಥೆಗಳಲ್ಲಿ ಬರುವುದು. ಬರೆದವರಿಗೆ ಜಾಗ ಸಾಲದೆ ಕಾರ್ಡಿನ ಅಂಚು ಹಿಡಿದು ಅಕ್ಷರ ಸುತ್ತು ಹಾಕಿದೆ, ಓದಬೇಕಾದರೆ ಕಾರ್ಡನ್ನೇ ತಿರುಗಿಸಬೇಕು. ಮೂಲೆಯಲ್ಲಿ ಪೆನ್ಸಿಲಿನಲ್ಲಿ ನಾಲ್ಕು ಕಾಡುಹಣ್ಣು ಬಿಡಿಸಿ, ಅವನ್ನ ಕಿತ್ತು ತಂದ ದಿನದ ಮಾತು ಬರೆದಿದ್ದಾರೆ. ಅಂಗಡಿಯಲ್ಲಿ ಸಿಗುವ ವಸ್ತುವೇ ಇದು?

ಲಕೋಟೆಯನ್ನೇ ಚಿತ್ರವಾಗಿಸಿ ಕಳಿಸುವವರೂ ಇದ್ದಾರೆ. ನ್ಯೂಯಾರ್ಕಿನ ಕಲಾವಿದ ರೇ ಜಾನ್ಸನ್ ಕಳೆದ ಶತಮಾನದ ಐವತ್ತು, ಅರವತ್ತರ ದಶಕದಲ್ಲೇ ಚಿತ್ರ, ಕತ್ತರಿಸಿದ ಕಾಗದದ ಚೂರುಗಳನ್ನೆಲ್ಲ ಅಂಚೆಗೆ ಹಾಕಿ, ಕೈಸೇರಿದವರು ತಮ್ಮದೂ ಏನಾದರೂ ಸೇರಿಸಿ ಕಳಿಸಲಿ ಅಂತ ಕೇಳಿಕೊಳ್ಳುತ್ತಿದ್ದರು. ಮೇಲ್ ಆರ್ಟ್ ಅನ್ನುವ ಈ ಅಂಚೆ ಕಲೆ ಬೆಳೆದದ್ದು ಹಾಗೆ. ಅದರ ಪ್ರದರ್ಶನಗಳಿಗೆ ಸಾಮಾನ್ಯವಾಗಿ ಪ್ರವೇಶಶುಲ್ಕವಿಲ್ಲ, ಆಯ್ಕೆ ಸಮಿತಿಯಿಲ್ಲ, ಬಂದದ್ದನ್ನೆಲ್ಲ ಗೋಡೆಗೆ ಹಾಕ್ತಾರೆ. ಕಳಿಸಿದ್ದನ್ನ ವಾಪಸ್ ಕೇಳುವ ಪದ್ಧತಿಯೂ ಇಲ್ಲ.

ಅಲಂಕಾರಕ್ಕೂ ಒಂದು ಮಿತಿ ಬೇಕು. ವಿಳಾಸದ ಸುತ್ತ ಬಣ್ಣ ಬಳಿಯಬಾರದು. ಕೆಳಗಿನ ಅಂಚನ್ನ ಖಾಲಿ ಬಿಡಬೇಕು, ಎಷ್ಟೋ ದೇಶಗಳಲ್ಲಿ ಯಂತ್ರ ಅಲ್ಲೇ ಗೆರೆಗಳ ಗುರುತು ಒತ್ತುತ್ತೆ. ದಪ್ಪ ಅರಗು, ಗುಂಡಿ, ಮಣಿ ಅಂಟಿಸಿದರೆ ಯಂತ್ರಕ್ಕೆ ಸಿಕ್ಕಿ ಲಕೋಟೆ ಹರಿಯುತ್ತೆ.

ಇನ್ನು ಅಂಚೆಚೀಟಿ. ಬ್ರಿಟನ್ನಿನ ಚೀಟಿಯ ಮೇಲೆ ದೇಶದ ಹೆಸರೇ ಇರೋದಿಲ್ಲ, ರಾಣಿಯದೋ ರಾಜನದೋ ತಲೆ ಅಷ್ಟೇ. 1840ರಲ್ಲಿ ಮೊದಲು ಚೀಟಿ ತಂದವರು ಅವರು, ಬೇರೆ ದೇಶದ ಚೀಟಿಯೇ ಇಲ್ಲದಾಗ ಹೆಸರು ಯಾಕೆ ಬೇಕಿತ್ತು? ಭೂತಾನ್ 1972ರಲ್ಲಿ ಗ್ರಾಮಫೋನಿನ ಮೇಲಿಟ್ಟರೆ ಹಾಡುವ ಚೀಟಿಗಳನ್ನೇ ತಂದಿತು! ನಮ್ಮ ದೇಶದ 1949ರ ಸರಣಿಯಲ್ಲಿ ವಿಜಯಪುರದ ಗೋಳಗುಮ್ಮಟ ಇದೆ. 2006ರಲ್ಲಿ ಶ್ರೀಗಂಧದ ಪರಿಮಳದ ಚೀಟಿ ಬಂತು, 2017ರಲ್ಲಿ ಕಾಫಿ ಪರಿಮಳದ್ದು.

ಬಳಸಿದ ಚೀಟಿಯನ್ನ ಕೀಳಬಾರದು. ಲಕೋಟೆಯಿಂದ ಸುತ್ತ ಜಾಗ ಬಿಟ್ಟು ಕತ್ತರಿಸಿ, ಚಿತ್ರ ಮೇಲಾಗಿ ಉಗುರುಬೆಚ್ಚಗಿನ ನೀರಿನಲ್ಲಿ ತೇಲಿಬಿಡಬೇಕು. ಗೋಂದು ಕರಗಿದ ಹಾಗೆ ಕಾಗದ ತಾನಾಗಿ ಜಾರುತ್ತೆ. ಚಿಮಟದಲ್ಲಿ ಎತ್ತಿ, ಒತ್ತುಕಾಗದದ ನಡುವೆ ಒಣಗಿಸಿ, ದಪ್ಪ ಪುಸ್ತಕದೊಳಗಿಟ್ಟರೆ ಮಟ್ಟಸವಾಗುತ್ತೆ. ಈಗಿನ ಸ್ಟಿಕ್ಕರ್ ಚೀಟಿಗಳಲ್ಲಿ ಎಷ್ಟೋ ನೀರಿಗೆ ಬಿಡೋದೇ ಇಲ್ಲ, ಅವನ್ನ ಕಾಗದದ ಸಮೇತ ಇಟ್ಟುಕೊಳ್ಳೋದೇ ಕ್ಷೇಮ. ಮೊಹರು ಸ್ಪಷ್ಟವಾಗಿ ಬಿದ್ದಿದ್ದರಂತೂ ಇಡೀ ಲಕೋಟೆಯನ್ನೇ ಉಳಿಸ್ತೀನಿ. ಊರು, ತಾರೀಖು, ಕೈಬರಹ, ದಾರಿಯಲ್ಲಿ ಆದ ಗೀರು, ಎಲ್ಲ ಸೇರಿದರೇ ಅದು ಪೂರ್ತಿ.

ಇಲ್ಲಿ ಹಚ್ಚಿದ ಚೀಟಿಗೆ ಅಲ್ಲಿಯ ಪೋಸ್ಟ್‌ಮ್ಯಾನ್ ಯಾಕೆ ಬೆಲೆ ಕೊಡಬೇಕು, ಯೋಚಿಸಿದ್ದೀರಾ? 1874ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಹಲವು ದೇಶಗಳು ಸೇರಿ ಒಪ್ಪಂದ ಮಾಡಿಕೊಂಡು ಅಂಚೆಗೆಂದೇ ಒಂದು ಒಕ್ಕೂಟ ಕಟ್ಟಿಕೊಂಡವು. ಕಾಗದಗಳ ಮಟ್ಟಿಗೆ ನಾವೆಲ್ಲ ಒಂದೇ ಸೀಮೆ ಅಂತ. ಭಾರತ 1876ರಲ್ಲಿ ಸೇರಿತು. ಎರಡು ಮಹಾಯುದ್ಧ ದಾಟಿ ಆ ಒಕ್ಕೂಟ ಇವತ್ತಿಗೂ ನಡೀತಿದೆ. ಅಪರಿಚಿತರು ಅಪರಿಚಿತರ ಕಾಗದವನ್ನ ಕೈಯಿಂದ ಕೈಗೆ ದಾಟಿಸಿ ನನ್ನ ಬಾಗಿಲಿಗೆ ಮುಟ್ಟಿಸ್ತಾರೆ. ಇಷ್ಟು ನಂಬಿಕೆ ಇನ್ನೂ ಉಳಿದಿದೆ ಅನ್ನೋದು ಪ್ರತಿ ಕಾರ್ಡು ಬಂದಾಗಲೂ ಖಾತರಿಯಾಗುತ್ತೆ. ನನಗೆ ಬಂದದ್ದು ಇದು, ಮೇಷ್ಟ್ರೇ.

ಹೊರದೇಶದವರಲ್ಲಿ ಎಷ್ಟೋ ಜನ ನಮ್ಮ ಲಿಪಿ ನೋಡಬೇಕು ಅಂತ ಕೇಳ್ತಾರೆ. ನಿಮ್ಮ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ಈ ಸಲದ ಕಾರ್ಡು ಜಪಾನಿಗೆ ಹೋಗೋದು. ಅರ್ಧ ಜಾಗ ನಿಮಗೇ ಬಿಡ್ತೀನಿ, ನಮ್ಮೂರ ಮಳೆ ಬಗ್ಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಡಿ. ಅರ್ಥ ಕೆಳಗೆ ನಾನು ಬರೀತೀನಿ.